ಮರಳಿ ಚಿಗುರಿದ ಕಾಡು

ಕಡೂರು ಬಯಲುಸೀಮೆಯ ಊರು. ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹರಡಿರುವ ಆ ನೆಲದಲ್ಲಿ ಮಳೆ ಕಡಿಮೆ. ಅಲ್ಲಿಂದ ಬೀರೂರನ್ನು ದಾಟಿ, ತರೀಕೆರೆಗೆ ಬಂದು, ಲಕ್ಕವಳ್ಳಿಯ ದಾರಿ ಹಿಡಿದರೆ ಬೇರೊಂದು ಲೋಕವೇ ಕಣ್ಣೆದುರು ತೆರೆದುಕೊಳ್ಳುತ್ತದೆ. ಭದ್ರಾ ಅಣೆಕಟ್ಟಿನ ಹಿಂದೆ ನೀರು ಹರವಾಗಿ ನಿಂತಿದೆ. ಅದರಾಚೆಗೆ ಬೆಟ್ಟದ ಮೇಲೆ ಬೆಟ್ಟ, ಕಾಡಿನ ಹಿಂದೆ ಕಾಡು. ಇದೇ ಭದ್ರಾ ಅಭಯಾರಣ್ಯ.

ಇಲ್ಲಿನ ಜಾಗರ ಕಣಿವೆಯ ವನ್ಯಮೃಗಗಳಿಗೆ 1951ರಲ್ಲಿಯೇ ರಕ್ಷಣೆ ದೊರೆಯಿತು. 1974ರಲ್ಲಿ ಅರಣ್ಯದ ವ್ಯಾಪ್ತಿ ವಿಸ್ತಾರಗೊಂಡು ಭದ್ರಾ ಎಂಬ ಹೆಸರು ಬಂದಿತು. 1998ರಲ್ಲಿ ಇದು ಹುಲಿ ಯೋಜನೆಗೆ ಸೇರಿತು. ತೇಗ, ಮತ್ತಿ, ಹೊನ್ನೆ, ಬೀಟೆ, ನಂದಿ ಮುಂತಾದ ಮರಗಳೂ ಬಿದಿರಿನ ಮೆಳೆಗಳೂ ಇಲ್ಲಿ ದಟ್ಟವಾಗಿ ಬೆಳೆದಿವೆ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಎಂಬ ಹಕ್ಕಿಗಳು ಮೊಟ್ಟೆಯಿಟ್ಟು ಮರಿಮಾಡುತ್ತವೆ.

ಅನುಮತಿ ಪಡೆದು ಒಳಹೊಕ್ಕ ಪ್ರವಾಸಿಗನಿಗೆ ದಟ್ಟ ಕಾಡಿನ ನಡುವೆ ಅಲ್ಲಲ್ಲಿ ತೇವದ ಹುಲ್ಲುಬಯಲುಗಳು ಕಾಣಸಿಗುತ್ತವೆ. ಕಾಟಿಗಳೂ ಜಿಂಕೆಗಳೂ ಅಲ್ಲಿ ಮೇಯುತ್ತಿರುತ್ತವೆ. ಇವು ಪ್ರಕೃತಿಯೊಂದೇ ನಿರ್ಮಿಸಿದ ಬಯಲುಗಳಲ್ಲ. ಒಂದು ಕಾಲದಲ್ಲಿ ನೇಗಿಲು ಆಡಿದ ಭತ್ತದ ಗದ್ದೆಗಳು ಬೇಸಾಯ ನಿಂತು, ಹಡ್ಲು ಬಿದ್ದು, ಹೀಗೆ ಹುಲ್ಲುಗಾವಲಾಗಿವೆ.

ಈ ಗದ್ದೆಗಳನ್ನು ಉತ್ತವರು ಕಾಡಿನೊಳಗಿನ ಹಳ್ಳಿಗಳ ಜನ. ಅವರ ಬಾಳು ಸುಖದ್ದಾಗಿರಲಿಲ್ಲ. ಆನೆ, ಹಂದಿಗಳು ಬೆಳೆಯನ್ನು ತಿಂದುಹೋಗುತ್ತಿದ್ದವು. ದನಕರುಗಳು ಹುಲಿಗೆ ಆಹಾರವಾಗುತ್ತಿದ್ದವು. ಆಸ್ಪತ್ರೆ, ಶಾಲೆ, ವಿದ್ಯುತ್ತು ದೂರದ ಮಾತು. ಇತ್ತ ಕಾಡಿಗೂ ನೆಮ್ಮದಿಯಿರಲಿಲ್ಲ. ದನಗಳ ಮೇವು, ಸೌದೆಯ ಸಂಗ್ರಹ, ಬೇಸಿಗೆಯ ಬೆಂಕಿ ಇವುಗಳಿಂದ ಎಳೆಯ ಗಿಡಗಳು ಮೇಲೇಳಲಾರದೆ ಹೋದವು.

2001 ಮತ್ತು 2002ರಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳು ಕಾಡನ್ನು ಬಿಟ್ಟು ಹೊರಬಂದವು. ಅವುಗಳಲ್ಲಿ ಬಹಳಷ್ಟು ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಅವರಿಗೆ ಭೂಮಿ, ನಿವೇಶನ, ರಸ್ತೆ, ಶಾಲೆ, ವಿದ್ಯುತ್ತುಗಳ ಸೌಲಭ್ಯ ದೊರೆಯಿತು. 2006ರಲ್ಲಿ ವಿಚಾರಿಸಿದಾಗ ಹೆಚ್ಚಿನವರು ಹೊಸ ಬದುಕು ತಮಗೆ ತೃಪ್ತಿ ತಂದಿದೆ ಎಂದರು. ಆದರೂ ತಲೆಮಾರುಗಳಿಂದ ಬಾಳಿದ ನೆಲವನ್ನು ತೊರೆಯುವುದು ಹಗುರವಾದ ಕಾರ್ಯವಲ್ಲ. ಆ ತ್ಯಾಗದ ಬೆಲೆಯನ್ನು ಹಣದಿಂದಷ್ಟೇ ಅಳೆಯಲಾಗದು.

ಕೆಟ್ಟ ಕಾಡನ್ನು ಮರಳಿ ಪಡೆಯುವ ಯತ್ನ ಜಗತ್ತಿನ ಬೇರೆಡೆಗಳಲ್ಲಿಯೂ ನಡೆದಿದೆ. ಇಂಡೋನೇಷ್ಯಕ್ಕೆ ಸೇರಿದ ಬೋರ್ನಿಯೋ ಭಾಗದಲ್ಲಿ ಸೆಬಾಂಗೌ ಎಂಬ ಜೌಗು ಕಾಡಿದೆ. ಅಲ್ಲಿ ಉದುರಿದ ಎಲೆ, ಬೇರುಗಳು ನೀರಿನಲ್ಲಿ ಪೂರ್ಣವಾಗಿ ಕೊಳೆಯದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂಡಿಕೊಂಡಿವೆ. ಮರ ಕಡಿಯುವವರು ದಿಮ್ಮಿಗಳನ್ನು ತೇಲಿಸಿ ಸಾಗಿಸಲು ಕಾಲುವೆಗಳನ್ನು ತೋಡಿದರು. ನೀರು ಬಸಿದುಹೋಗಿ ನೆಲ ಒಣಗಿತು; ಒಣಗಿದ ನೆಲಕ್ಕೆ ಬೆಂಕಿ ಹತ್ತಿತು. 2004ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾಲುವೆಗಳಿಗೆ ಒಡ್ಡು ಹಾಕಿ ನೀರನ್ನು ನಿಲ್ಲಿಸುವ ಕೆಲಸ ನಡೆಯಿತು. ಅಲ್ಲಿ ತಡೆಯಬೇಕಾದುದು ನೀರನ್ನು. ಇಲ್ಲಿ ತಗ್ಗಿಸಬೇಕಾದುದು ನೆಲದ ಮೇಲಿನ ಒತ್ತಡವನ್ನು. ಗಾಯ ಬೇರೆಯಾದರೆ ಮದ್ದೂ ಬೇರೆ.

ನಾವು ಹಿಂದೆ ಸರಿದರೆ ಕಾಡು ತಾನಾಗಿ ಚಿಗುರಬಲ್ಲುದು. ಆದರೆ ಹಾಗೆ ಹಿಂದೆ ಸರಿದವರು ಕೈಬರಿದಾಗಬಾರದು. ಕಾಡಿನ ರಕ್ಷಣೆಯೂ ಜನರ ನ್ಯಾಯವೂ ಕೂಡಿ ನಡೆಯಬೇಕೆಂಬುದೇ ಭದ್ರೆಯ ಹುಲ್ಲುಬಯಲು ಕಲಿಸುವ ಪಾಠ.

ಅಭ್ಯಾಸ

1. ಭದ್ರಾ ಅರಣ್ಯದ ಹುಲ್ಲುಬಯಲುಗಳು ಹೇಗೆ ಉಂಟಾದವು?
2. ಕಾಡಿನೊಳಗಿನ ಹಳ್ಳಿಗರ ಕಷ್ಟಗಳಾವುವು?
3. ‘ಗಾಯ ಬೇರೆಯಾದರೆ ಮದ್ದೂ ಬೇರೆ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.