ಹಬ್ಬವು ತೀರಿದ ಮೇಲೆ

ಪಾಠಭಾಗ: ಲೂಕ 2:8–20 ಮತ್ತು 2:41–52

ಕ್ರಿಸ್ತ ಜಯಂತಿಯ ಕಾಲದಲ್ಲಿ ನಮ್ಮ ಸಭೆಗಳಲ್ಲೆಲ್ಲಾ ಲೂಕನು ಬರೆದ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಓದುವದುಂಟು. ದೇವದೂತರ ಸ್ತೋತ್ರ, ಗೋದಲಿ, ಬಟ್ಟೆಯಲ್ಲಿ ಸುತ್ತಿದ ಕೂಸು, ಇವುಗಳ ಸಂಗತಿಯನ್ನು ಚಿಕ್ಕ ಮಕ್ಕಳು ಸಹ ಬಾಯಿಪಾಠವಾಗಿ ಹೇಳುವರು. ಆದರೆ ಇಪ್ಪತ್ತನೆಯ ವಚನಕ್ಕೆ ಬರುವಷ್ಟರಲ್ಲಿ ಕೇಳುವವರ ಲಕ್ಷ್ಯವು ಹಬ್ಬದ ಅಡಿಗೆಯ ಕಡೆಗೆ ಹೋಗಿರುತ್ತದೆ. ಆ ವಚನದಲ್ಲಿರುವದೇನಂದರೆ, ಕುರುಬರು ಹಿಂದಿರುಗಿ ಹೋದರು. ಈ ತಿಂಗಳಿನ ಪಾಠಕ್ಕೆ ನಾವು ಅದನ್ನೇ ಆರಿಸಿಕೊಂಡಿದ್ದೇವೆ.

ಯಾಕಂದರೆ ನಮ್ಮ ಸೀಮೆಯಲ್ಲಿ ಜನವರಿಯ ಮೊದಲನೆಯ ವಾರವು ಹಿಂದಿರುಗುವವರ ವಾರವಾಗಿದೆ. ತುಂಗಭದ್ರೆಯ ದಡದಲ್ಲಿರುವ ಸಿಂಗಟಾಲೂರಿನಿಂದ ಮುಂಡರಗಿಗೆ ಬರುವ ದಾರಿಯಲ್ಲಿ ಆ ದಿನಗಳಲ್ಲಿ ನಿಂತು ನೋಡಿದವರಿಗೆ ಇದು ತಿಳಿಯುವದು. ಎರೆಹೊಲಗಳಲ್ಲಿ ಬಿಳಿಜೋಳವು ತೆನೆ ಹಿಡಿದಿರುತ್ತದೆ, ಕಡಲೆಯು ಕಾಯಿ ಕಟ್ಟಿರುತ್ತದೆ. ಆದರೆ ಊರ ಮಗನು ಹೆಂಡತಿ ಮಕ್ಕಳೊಡನೆ ಬುತ್ತಿಯ ಗಂಟನ್ನು ಕಾಲ ಬಳಿಯಲ್ಲಿಟ್ಟುಕೊಂಡು ಬಸ್ಸನ್ನು ಕಾಯುತ್ತಿರುತ್ತಾನೆ. ಒಬ್ಬನು ಗೋವೆಯಲ್ಲಿ ಗೌಂಡಿಯ ಕೈಕೆಳಗೆ ಕಲ್ಲು ಹೊರುವದಕ್ಕೂ, ಒಬ್ಬನು ಮಂಗಳೂರಿಗೂ, ಒಬ್ಬಳು ಬೆಂಗಳೂರಿನಲ್ಲಿ ದಾದಿಯ ಕೆಲಸಕ್ಕೂ ಹೊರಟವರು. ಹಮ್ಮಿಗಿಯ ಬಳಿಯಲ್ಲಿ ಹೊಳೆಗೆ ಒಡ್ಡು ಕಟ್ಟಿ, ಸಿಂಗಟಾಲೂರು ಏತ ನೀರಾವರಿ ಎಂಬ ಹೆಸರಿನಿಂದ ನೀರೆತ್ತುವ ಏರ್ಪಾಡು ಆಗಿರುವದು ನಿಜ. ಆದರೂ ಮಳೆಯನ್ನೇ ನಂಬಿದ ಹೊಲಗಳು ಇನ್ನೂ ಬಹಳವಾಗಿವೆ; ಮಳೆ ತಪ್ಪಿದ ವರುಷ ಗುಳೆ ಹೋಗುವದು ತಪ್ಪುವದಿಲ್ಲ.

ಹೋದ ಮೇಲೆ ಆಗುವದೇನು? ಇದನ್ನು ಕುರಿತು ನಾವು ಬಹಳ ಕಡಿಮೆ ಮಾತಾಡುತ್ತೇವೆ. ನಾವು ಬಲ್ಲ ಒಬ್ಬ ಯೌವನಸ್ಥನು ಹಬ್ಬಕ್ಕೆ ಬಂದು ಹನ್ನೆರಡು ದಿವಸ ಮನೆಯಲ್ಲಿದ್ದನು. ಅವ್ವನ ಕೈಯ ರೊಟ್ಟಿಯನ್ನು ಉಂಡು, ಗೆಳೆಯರೊಂದಿಗೆ ಹಾಡುತ್ತಾ ಮನೆಮನೆಗೆ ಹೋಗಿ, ಸಂತೋಷದಿಂದಿದ್ದನು. ತಿರಿಗಿ ಕೆಲಸಕ್ಕೆ ಹೋದ ಮೂರನೆಯ ದಿವಸವೇ ಹೇಳದೆ ಕೇಳದೆ ಊರಿಗೆ ಮರಳಿ ಬಂದನು. ಮೇಸ್ತ್ರಿಯ ಹತ್ತಿರ ತೆಗೆದುಕೊಂಡಿದ್ದ ಮುಂಗಡವನ್ನು ತೀರಿಸುವದಕ್ಕೆ ತಂದೆಯು ಎರಡು ಆಡುಗಳನ್ನು ಮಾರಬೇಕಾಯಿತು. ಹಿರಿಯರು ಅವನನ್ನು ಸೋಮಾರಿಯೆಂದು ಗದರಿಸಿದರು. ನಾವೂ ಹಾಗೆಯೇ ನೆನಸಿದೆವು. ಆದರೆ ಅವನನ್ನು ಒಬ್ಬೊಂಟಿಗನಾಗಿ ಕೂಡ್ರಿಸಿಕೊಂಡು ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಇಲ್ಲಿ ನಾನು ಇಂಥವರ ಮಗ. ಅಲ್ಲಿ ನಾನು ಯಾರೂ ಅಲ್ಲ.” ಇದು ಸೋಮಾರಿಯ ಮಾತಲ್ಲ. ನಮ್ಮ ಗದರಿಕೆಯು ಅವನಿಗೆ ಔಷಧವೂ ಆಗಲಿಲ್ಲ.

ಈಗ ಬೇತ್ಲೆಹೇಮಿನ ಕುರುಬರನ್ನು ನೋಡೋಣ. ಅವರ ಹೆಸರುಗಳನ್ನು ಲೂಕನು ಬರೆದಿಲ್ಲ. ಅವರು ಕಂಡದ್ದನ್ನು ಅರಸರು ಸಹ ಕಾಣಲಿಲ್ಲ. ಆದರೂ ಆ ರಾತ್ರಿ ಕಳೆದ ಮೇಲೆ ಅವರ ಕೂಲಿ ಹೆಚ್ಚಿತೆಂದಾಗಲಿ, ಕುರಿಗಳು ಸಾಧುವಾದವೆಂದಾಗಲಿ ಎಲ್ಲಿಯೂ ಹೇಳಿಲ್ಲ. ಅದೇ ಬಯಲು, ಅದೇ ಚಳಿ, ಅದೇ ತೋಳದ ಭಯ. ಕುರಿ ಕಾಯುವವರನ್ನು ನಮ್ಮ ಊರುಗಳಲ್ಲಿ ಕಂಡವರಿಗೆ ಈ ಕೆಲಸದ ಕಷ್ಟವನ್ನು ವಿವರಿಸಬೇಕಾಗಿಲ್ಲ. ನಿದ್ರೆ ಕೆಟ್ಟರೂ ಬೆಳಗ್ಗೆ ಮಂದೆಯನ್ನು ಬಿಡಲೇಬೇಕು. ಆದರೆ ಅವರು ದೇವರನ್ನು ಕೊಂಡಾಡುತ್ತಾ ಹೋದರೆಂದು ಬರೆದದೆ. ಗೋದಲಿಯ ಬಳಿಯಲ್ಲಿಯೇ ಉಳಿದುಕೊಳ್ಳಿರೆಂದು ಯಾರೂ ಅವರಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಂಡದ್ದನ್ನು ಮಂದೆಯ ಬಳಿಗೇ ತೆಗೆದುಕೊಂಡು ಹೋದರು.

ಅದೇ ಅಧ್ಯಾಯದ ಕಡೆಯಲ್ಲಿ ಇನ್ನೊಂದು ಹಬ್ಬವೂ ಇನ್ನೊಂದು ಹಿಂದಿರುಗುವಿಕೆಯೂ ಇವೆ. ಹನ್ನೆರಡು ವರುಷದವನಾದ ಯೇಸುವು ತಂದೆತಾಯಿಗಳೊಂದಿಗೆ ಪಸ್ಕಹಬ್ಬಕ್ಕೆ ಯೆರೂಸಲೇಮಿಗೆ ಹೋದನು. ನಜರೇತಿನಿಂದ ಯೆರೂಸಲೇಮಿಗೆ ಕಾಲುನಡಿಗೆಯಿಂದ ಹಲವು ದಿವಸಗಳ ಪ್ರಯಾಣ. ಆದಕಾರಣ ಜನರು ಗುಂಪುಗುಂಪಾಗಿ ಹೋಗುತ್ತಿದ್ದರು. ಹಬ್ಬ ತೀರಿದ ಮೇಲೆ ಯೋಸೇಫನೂ ಮರಿಯಳೂ ಮಗನು ಬಂಧುಗಳ ಗುಂಪಿನಲ್ಲಿದ್ದಾನೆಂದು ನೆನಸಿ ಒಂದು ದಿವಸದ ದಾರಿಯನ್ನು ನಡೆದುಬಿಟ್ಟರು. ಆಮೇಲೆ ಹುಡುಕಿದರು, ತಿರಿಗಿ ಯೆರೂಸಲೇಮಿಗೆ ಬಂದರು, ಮೂರು ದಿವಸಗಳ ಮೇಲೆ ದೇವಾಲಯದಲ್ಲಿ ಆತನನ್ನು ಕಂಡುಕೊಂಡರು. ಹಬ್ಬದಿಂದ ಹೊರಡುವ ಗಡಿಬಿಡಿಯಲ್ಲಿ ಮರಿಯಳಂಥ ತಾಯಿಗೂ ಹೀಗಾಗುವದಾದರೆ, ರೊಟ್ಟಿ ಚಟ್ನಿಗಳನ್ನು ಕಟ್ಟಿ ಚೀಲಗಳನ್ನು ಎಣಿಸುವ ನಮಗೆ ಆಗುವದು ಆಶ್ಚರ್ಯವಲ್ಲ. ಬಸ್ಸು ಹತ್ತುವ ಮುಂಚೆ ಮನೆಯವರೆಲ್ಲರು ಕೂಡಿ ಮೊಣಕಾಲೂರಿ ಪ್ರಾರ್ಥಿಸುವದಕ್ಕೆ ಐದು ನಿಮಿಷಗಳು ಸಾಕು.

ಆದರೆ ನಾವು ಹೆಚ್ಚಾಗಿ ಗಮನಿಸತಕ್ಕದ್ದು ಅದರ ಮುಂದಿನ ಮಾತನ್ನು. ದೇವಾಲಯದಲ್ಲಿ ಬೋಧಕರ ನಡುವೆ ಕೂತಿದ್ದವನು ತಂದೆತಾಯಿಗಳ ಸಂಗಡ ನಜರೇತಿಗೆ ಇಳಿದು ಹೋಗಿ ಅವರಿಗೆ ಅಧೀನನಾಗಿದ್ದನು. ಆತನು ಬೋಧಿಸಲು ತೊಡಗಿದಾಗ ಹೆಚ್ಚುಕಡಿಮೆ ಮೂವತ್ತು ವರುಷದವನಾಗಿದ್ದನೆಂದು ಲೂಕನು ಮುಂದಿನ ಅಧ್ಯಾಯದಲ್ಲಿ ಬರೆದಿದ್ದಾನೆ. ನಡುವಿನ ಸುಮಾರು ಹದಿನೆಂಟು ವರುಷಗಳು ಒಂದು ಸಣ್ಣ ಊರಿನಲ್ಲಿ ಕಳೆದವು. ಜನರು ಆತನನ್ನು ಬಡಗಿಯೆಂದು ಕರೆದದ್ದನ್ನು ಮಾರ್ಕನು ತಿಳಿಸುತ್ತಾನೆ. ಬಾಚಿ ಹಿಡಿದು ಮರ ಕೆತ್ತಿದ ಆ ವರುಷಗಳನ್ನು ದೇವರು ವ್ಯರ್ಥವೆಂದು ಎಣಿಸಲಿಲ್ಲ. ಹೆಸರಿಲ್ಲದ ಕೆಲಸದ ಸ್ಥಳದಲ್ಲಿ ನಾನು ಯಾರೂ ಅಲ್ಲ ಎಂದು ನೊಂದವನಿಗೆ ಗದರಿಕೆಯ ಬದಲಾಗಿ ಇದನ್ನು ಹೇಳಬೇಕಾಗಿತ್ತೆಂದು ನಮಗೆ ಈಗ ತೋರುತ್ತದೆ.

ದಣಿವಿನ ವಿಷಯದಲ್ಲಿಯೂ ಒಂದು ಮಾತು. ಮೊದಲನೆಯ ಅರಸುಗಳ ಪುಸ್ತಕದ ಹತ್ತೊಂಭತ್ತನೆಯ ಅಧ್ಯಾಯದಲ್ಲಿ ಎಲೀಯನು ಕೆಲಸವನ್ನು ಬಿಟ್ಟು ಅಡವಿಗೆ ಓಡಿಹೋಗಿ, ಸಾಯಬೇಕೆಂದು ಬೇಡಿಕೊಂಡನು. ದೇವರು ಅವನಿಗೆ ಮೊದಲು ಕೊಟ್ಟದ್ದು ಉಪದೇಶವಲ್ಲ. ರೊಟ್ಟಿ, ನೀರು, ನಿದ್ರೆ. ಅವನು ಎರಡು ಸಾರಿ ತಿಂದು ಬಲಹೊಂದಿದ ಮೇಲೆಯೇ ಮಾತಾಡಿ, ಬಂದ ದಾರಿಯಿಂದಲೇ ತಿರಿಗಿ ಕೆಲಸಕ್ಕೆ ಕಳುಹಿಸಿದನು. ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬೆಳಗ್ಗೆ ಇಳಿದವನೇ ಕೆಲಸಕ್ಕೆ ನಿಂತರೆ, ಮೈಯ ಆಯಾಸವೇ ಮನಸ್ಸಿನ ದುಃಖವಾಗಿ ಕಾಣಿಸುವದು. ಆದಕಾರಣ ಕೆಲಸ ಆರಂಭವಾಗುವ ದಿವಸಕ್ಕಿಂತ ಒಂದು ದಿವಸ ಮುಂಚಿತವಾಗಿ ತಲಪುವದು ಒಳ್ಳೇದು. ಅವ್ವನು ಇನ್ನೊಂದು ದಿವಸ ಇರು ಎಂದು ಒತ್ತಾಯಪಡಿಸುವಳೆಂಬದನ್ನು ನಾವು ಬಲ್ಲೆವು. ಆ ಒಂದು ದಿವಸವನ್ನು ಬರುವಾಗಲೇ ಲೆಕ್ಕ ಹಿಡಿದು ಬರತಕ್ಕದ್ದು. ಹಬ್ಬದ ಬಟ್ಟೆಬರೆಗೋಸ್ಕರ ಕೈಗಡ ಮಾಡಿ ಹೋದವನಿಗೆ ಜನವರಿಯ ದುಡಿಮೆಯೆಲ್ಲಾ ಡಿಸೆಂಬರಿನ ಸಾಲಕ್ಕೆ ಸಲ್ಲುವದರಿಂದ, ಅವನಿಗೆ ಕೆಲಸವು ಇಮ್ಮಡಿ ಕಹಿಯಾಗುವದು. ಇದಕ್ಕೆ ಸಭೆಯವರು ಒಬ್ಬರನ್ನೊಬ್ಬರು ನೋಡಿ ಖರ್ಚು ಮಾಡುವದೇ ಹೆಚ್ಚಿನ ಕಾರಣವೆಂದು ಹೇಳದಿರಲಾರೆವು.

ಸ್ವದೇಶಕ್ಕೆ ಹೋಗಿ ತಿರಿಗಿ ಕೆಲಸಕ್ಕೆ ಬಂದವರ ದೃಷ್ಟಾಂತವು ನಮ್ಮ ಮಿಶನಿನ ಚರಿತ್ರೆಯಲ್ಲಿಯೂ ಇದೆ. ಕಿಟ್ಟೆಲ್ ಅಯ್ಯನವರು 1853ರಲ್ಲಿ ಬಾಸೆಲ್ ಮಿಶನಿನಿಂದ ಈ ದೇಶಕ್ಕೆ ಬಂದು, 1877ರಲ್ಲಿ ಜರ್ಮನಿಗೆ ಹೋದರು. ಕನ್ನಡ ನಿಘಂಟಿನ ಕೆಲಸವು ಇನ್ನೂ ತೀರಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ಸ್ವದೇಶವನ್ನು ಬಿಟ್ಟು ಆ ಕೆಲಸಕ್ಕಾಗಿಯೇ ಪುನಃ ಬಂದರು. ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳಿವೆ. ಒಂದೊಂದು ಶಬ್ದವನ್ನು ಹುಡುಕಿ, ಅರ್ಥ ನೋಡಿ, ಬರೆದಿಡುವ ಕೆಲಸದಲ್ಲಿ ಹಬ್ಬದ ಸಂಭ್ರಮವೇನೂ ಇರುವದಿಲ್ಲ. ಜೋಳದ ಹೊಲದಲ್ಲಿ ಕಳೆ ತೆಗೆಯುವಂತೆ ಅದು ಸಾಲಿನಿಂದ ಸಾಲಿಗೆ ಹೋಗುವ ಕೆಲಸ.

ಊರಲ್ಲಿ ಉಳಿದವರ ಸಂಗತಿಯನ್ನು ಮರೆಯಬಾರದು. ಮಗನು ಹೋದ ಸಾಯಂಕಾಲ ಮನೆಯು ಬಿಕೋ ಎನ್ನುವದು. ಅವ್ವನು ಅಭ್ಯಾಸದಿಂದ ಎರಡು ರೊಟ್ಟಿ ಹೆಚ್ಚಾಗಿ ಬಡಿದುಬಿಡುವಳು. ಡಿಸೆಂಬರ್ 25ರಂದು ಕೂಡ್ರಲು ಸ್ಥಳವಿಲ್ಲದ ಗುಡಿಯಲ್ಲಿ ಜನವರಿಯ ಎರಡನೆಯ ಆದಿತ್ಯವಾರ ಮುದುಕರೂ ಮಕ್ಕಳೂ ಮಾತ್ರ ಇರುವರು. ಆ ಆದಿತ್ಯವಾರ ದೂರ ಹೋದವರ ಹೆಸರುಗಳನ್ನು ಒಬ್ಬೊಬ್ಬರದಾಗಿ ಹೇಳಿ ಪ್ರಾರ್ಥಿಸುವ ಪದ್ಧತಿಯನ್ನು ಸಭಾಹಿರಿಯರು ಇಟ್ಟುಕೊಂಡರೆ, ಹೋದವನು ಅಲ್ಲಿ ಯಾರೂ ಅಲ್ಲದಿದ್ದರೂ ಇಲ್ಲಿ ಅವನ ಹೆಸರು ಇರುವದು. ಅದನ್ನು ಅವನಿಗೆ ಫೋನಿನಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಅರ್ಧ ಪ್ರಯೋಜನವು ಹೋಗುವದು.

ಎಲೀಯನು ನಾನೊಬ್ಬನೇ ಉಳಿದಿದ್ದೇನೆಂದು ದೂರಿಕೊಂಡಾಗ, ನಂಬಿಗಸ್ತರಾದ ಇನ್ನೂ ಏಳು ಸಾವಿರ ಮಂದಿ ಇದ್ದಾರೆಂದು ದೇವರು ತಿಳಿಸಿದನು. ಗೋವೆಯಲ್ಲಿಯೂ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕನ್ನಡದಲ್ಲಿ ಆರಾಧಿಸುವ ವಿಶ್ವಾಸಿಗಳಿದ್ದಾರೆ. ನಮ್ಮವರು ವರುಷಗಟ್ಟಲೆ ಅಲ್ಲಿದ್ದರೂ ಅವರ ಬಾಗಿಲಿಗೆ ಹೋಗದಿರುವದುಂಟು. ಅಪರಿಚಿತನಾಗಿ ಒಳಗೆ ಹೋಗಲು ನಾಚಿಕೆ. ಇದಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಉಪಾಯವೇನಂದರೆ ಸಭೆಯ ಪರಿಚಯ ಪತ್ರ: ಇವನು ಇಂಥ ಊರಿನ ಸಭೆಯವನು, ಇಂಥವರ ಮಗನು, ಇವನನ್ನು ಸಹೋದರನಂತೆ ಸೇರಿಸಿಕೊಳ್ಳಿರಿ ಎಂದು ಬೋಧಕರು ನಾಲ್ಕು ಸಾಲು ಬರೆದು ಕೊಡುವದು. ಆ ಪತ್ರವನ್ನು ಹೊರಡುವದಕ್ಕೆ ಮುಂಚಿನ ಆದಿತ್ಯವಾರದಲ್ಲಿಯೇ ಕೇಳಿ ಪಡೆಯಬೇಕು. ಬಸ್ಸು ಬಂದು ನಿಂತಾಗ ಕೇಳಿದರೆ ಬೋಧಕರಿಗೆ ಬರೆಯಲು ವೇಳೆ ಸಾಲದು.