ಉರಿಮೂತ್ರಕ್ಕೆ ಉಷ್ಣವೊಂದೇ ಕಾರಣವಲ್ಲ

ಮಗಳೇ, ಉರಿಮೂತ್ರವೆಂದರೆ ನಮ್ಮ ಕಡೆ ಎಲ್ಲರದೂ ಒಂದೇ ಮಾತು: ‘ಉಷ್ಣ ಕಣಮ್ಮ, ಬಾರ್ಲಿ ನೀರು ಕುಡಿ.’ ಕುಡಿ, ಬೇಡ ಅನ್ನುವುದಿಲ್ಲ. ಆದರೆ ಎಚ್‌ಐವಿ ಇರುವ ನಾವು ಅಷ್ಟಕ್ಕೇ ಸುಮ್ಮನಾಗಬಾರದು.

ಕುಣಿಗಲ್ಲಿನಿಂದಲೋ ಗುಬ್ಬಿಯಿಂದಲೋ ತುಮಕೂರಿನ ಎಆರ್‌ಟಿ ಕೇಂದ್ರಕ್ಕೆ ಹೊರಡುವ ಹೆಂಗಸರು ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಮುಟ್ಟಿರುವುದಿಲ್ಲ. ಬಸ್ಸಿನಲ್ಲಿ ಅವಸರವಾದರೆ ಏನು ಗತಿ ಎಂಬ ಭಯ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರೂ ಪಾಳಿ ಮುಗಿಯುವ ತನಕ ತಡೆದುಕೊಳ್ಳುತ್ತಾರೆ. ಹಾಗೆ ತಡೆದಷ್ಟೂ ಸೋಂಕಿಗೆ ದಾರಿ. ರೋಗ ತಡೆಯುವ ಸಿಡಿ4 ಕಣ ಕಡಿಮೆಯಿದ್ದಾಗಲಂತೂ ಆ ಸೋಂಕು ಬೇಗ ಕಿಡ್ನಿಯವರೆಗೂ ಏರಬಹುದು.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಮಾತ್ರೆ ನುಂಗುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸು. ತೊಳೆದುಕೊಂಡು, ಮೊದಲಿನದನ್ನು ಬಿಟ್ಟು, ನಡುವಿನ ಧಾರೆಯನ್ನು ಡಬ್ಬಿಗೆ ಹಿಡಿ. ಆ್ಯಂಟಿಬಯಾಟಿಕ್ ನುಂಗಿ ಆಮೇಲೆ ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕೊಟ್ಟರೆ ರೋಗಾಣು ಸಿಗದೇ ಹೋಗಬಹುದು. ಮೂತ್ರದಲ್ಲಿ ಕೀವಿದ್ದೂ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ, ಜೊತೆಗೆ ಸಂಜೆ ಜ್ವರವಿದ್ದು ತೂಕ ಇಳಿಯುತ್ತಿದ್ದರೆ, ಕಿಡ್ನಿಯ ಟಿಬಿ ಇರಬಹುದೇ ನೋಡಿ ಎಂದು ನೀನೇ ಬಾಯಿಬಿಟ್ಟು ಕೇಳು. ಬಿಳಿಸೆರಗು, ಕೀವು, ಹುಣ್ಣು ಕಂಡರೆ ಲೈಂಗಿಕ ಸೋಂಕಿಗೆ ಔಷಧಿ ಕೊಡುವ ಸುರಕ್ಷಾ ಕ್ಲಿನಿಕ್ಕಿಗೆ ಹೋಗು, ಗಂಡನನ್ನೂ ಕರೆದುಕೊಂಡೇ ಹೋಗು. ಒಬ್ಬರಿಗೆ ಮಾತ್ರ ಔಷಧಿಯಾದರೆ ಕಾಯಿಲೆ ಮತ್ತೆ ಬಾಗಿಲಿಗೆ ಬರುತ್ತದೆ.

ಕಿಡ್ನಿಯ ಮಾತು ಬಂತಲ್ಲ, ನೀನು ದಿನಾ ನುಂಗುವ ಎಆರ್‌ಟಿಯ ಒಂದು ಮಾತ್ರೆಯಲ್ಲಿ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇವೆ. ಟೆನೊಫೋವಿರ್ ಕೆಲವರ ಕಿಡ್ನಿಗೆ ಆಗಿಬರುವುದಿಲ್ಲ, ರಕ್ತದಲ್ಲಿ ಕ್ರಿಯೇಟಿನಿನ್ ನೋಡುವುದು ಅದಕ್ಕೇ. ಡೊಲುಟೆಗ್ರಾವಿರ್ ಶುರುವಾದ ಹೊಸದರಲ್ಲಿ ಕಿಡ್ನಿ ಚೆನ್ನಾಗಿದ್ದರೂ ಆ ಅಂಕಿ ತುಸು ಏರುವುದುಂಟು. ರಿಪೋರ್ಟು ನೋಡಿ ಹೆದರಿ ಮಾತ್ರೆ ಬಿಟ್ಟೀಯೆ, ಜೋಕೆ! ಬಿಡುವುದೋ ಬದಲಿಸುವುದೋ ಡಾಕ್ಟರ್ ಹೇಳಲಿ. ಮೈಕೈ ನೋವಿಗೆಂದು ಡೈಕ್ಲೋಫಿನಾಕ್ ಮಾತ್ರ ನೀನಾಗಿ ನುಂಗಬೇಡ. ಟೆನೊಫೋವಿರ್ ಜೊತೆ ಅದು ಕಿಡ್ನಿಗೆ ಕೆಟ್ಟದ್ದು.

ಬೇರೆ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ವಿಷಯ ಮುಚ್ಚಿಡಬೇಡ. 2017ರ ಎಚ್‌ಐವಿ ಕಾಯ್ದೆಯಿದೆ. ಸೋಂಕಿದೆಯೆಂದು ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ, ನಿನ್ನ ಒಪ್ಪಿಗೆಯಿಲ್ಲದೆ ಊರಿಗೆ ಸಾರುವ ಹಾಗೂ ಇಲ್ಲ. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಚಳಿಜ್ವರ, ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೇ ಉಚ್ಚೆ ಕಟ್ಟಿದರೆ ಮುಂದಿನ ಎಆರ್‌ಟಿ ತಾರೀಖಿಗೆ ಕಾಯಬೇಡ. ಬಸುರಿಯಾಗಿದ್ದರೆ ಬರೀ ಉರಿ ಸಾಕು, ಅವತ್ತೇ ಹೊರಡು. ದುಡ್ಡಿಲ್ಲ, ಜೊತೆಗೆ ಯಾರೂ ಇಲ್ಲ ಅನ್ನಬೇಡ, ನಾನು ಬರುತ್ತೇನೆ.