ವೀಳ್ಯದೆಲೆಯ ಔಷಧಿ ಅಂಶ ಮತ್ತು ಬಣ್ಣದ ಕಾಗದ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ನಮ್ಮ ಅಡಿಕೆ, ತೆಂಗಿನ ತೋಟಗಳಲ್ಲಿ ಬಾಳೆ, ವೀಳ್ಯದೆಲೆ, ತರಕಾರಿ ಬೆಳೆದುಕೊಳ್ಳುವವರಿದ್ದಾರೆ. ತರಕಾರಿಯನ್ನು ತೊಳೆದು ಬೇಯಿಸುತ್ತೇವೆ. ವೀಳ್ಯದೆಲೆಯನ್ನೋ, ಪಂಚೆಗೆ ಒರೆಸಿ ಹಾಗೆಯೇ ಬಾಯಿಗಿಡುತ್ತೇವೆ! ಸಿಂಪಡಿಸಿದ ಔಷಧಿ ಎಲೆಯ ಮೇಲೆ ಉಳಿದಿದೆಯೇ ಎಂಬುದು ಕಣ್ಣಿಗೆ ಕಾಣದು. ಪ್ರಯೋಗಾಲಯದ ಯಂತ್ರ ಹೇಳಬಲ್ಲದು. ಆದರೆ ವರದಿ ಬರುವಷ್ಟರಲ್ಲಿ ಎಲೆ ಸಂತೆ ದಾಟಿರುತ್ತದೆ.

ತೋಟದಲ್ಲೇ ನೋಡಿಕೊಳ್ಳಲು ಒಂದು ಬಗೆಯ ಕಾಗದವಿದೆ. ಇದರಲ್ಲಿ ಒಂದು ಕಿಣ್ವವನ್ನೂ ಒಂದು ಬಣ್ಣದ ವಸ್ತುವನ್ನೂ ಇಟ್ಟಿರುತ್ತಾರೆ. ಎಲೆ ತೊಳೆದ ನೀರಿನಲ್ಲಿ ವಿಷವಿಲ್ಲದಿದ್ದರೆ ಕಿಣ್ವ ಕೆಲಸ ಮಾಡಿ ಕಾಗದ ನೀಲಿಯಾಗುತ್ತದೆ. ವಿಷವಿದ್ದರೆ ಕಿಣ್ವ ಸೋತು ಕಾಗದ ಬೆಳ್ಳಗೇ ಉಳಿಯುತ್ತದೆ. ಕೀಟದ ನರವನ್ನು ಕೆಡಿಸುವ ಗುಣವೇ ಇಲ್ಲಿ ಗುರುತು ಹಿಡಿಯುತ್ತದೆ.

ಈ ಕಿಣ್ವ ಬಿಸಿಲಿಗೆ ಬೇಗ ಕೆಡುತ್ತದೆ. ಅದನ್ನು ಹಿಡಿದಿಡಲು ವಿಜ್ಞಾನಿಗಳು ನ್ಯಾನೊಸೆಲ್ಯುಲೋಸ್ ಎಂಬ ನಾರಿನ ಹಾಳೆಯನ್ನು ಪರೀಕ್ಷಿಸುತ್ತಿದ್ದಾರೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನಾರು ಅಷ್ಟು ಸಣ್ಣದಾದಾಗ ಅದರ ಮೈ ಹೆಚ್ಚುತ್ತದೆ, ಕಿಣ್ವ ಅಂಟಿಕೊಳ್ಳಲು ಜಾಗ ಸಿಗುತ್ತದೆ. ಆಲೆಮನೆಯ ಕಬ್ಬಿನ ರಚ್ಚು, ಅಡಿಕೆ ಸಿಪ್ಪೆ, ಹತ್ತಿ ಇವೆಲ್ಲವುಗಳಲ್ಲೂ ಸೆಲ್ಯುಲೋಸ್ ಇದೆ. ನಾವು ಒಲೆಗೆ ಹಾಕುವುದರಿಂದಲೇ ಪರೀಕ್ಷೆಯ ಹಾಳೆ ಆಗಬಹುದೆಂಬುದು ಸಂತೋಷದ ಮಾತು. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 2015ರಲ್ಲಿ ನ್ಯಾನೊಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕ ಆರಂಭವಾಯಿತು.

ಆದರೆ ನೀಲಿ ಬಂದಿತೆಂದು ನಿಶ್ಚಿಂತರಾಗಬೇಡಿ. ಈ ಕಾಗದ ಹಿಡಿಯುವುದು ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಗುಂಪಿನ ಔಷಧಿಗಳನ್ನು ಮಾತ್ರ. ಕ್ಲೋರ್‌ಪೈರಿಫಾಸ್ ಆ ಗುಂಪಿನದೇ ಆದರೂ ಇದ್ದ ರೂಪದಲ್ಲಿ ಕಿಣ್ವವನ್ನು ಅಷ್ಟಾಗಿ ತಡೆಯದು; ಮೊದಲು ಬ್ರೋಮಿನ್ ನೀರಿನಿಂದ ಅದನ್ನು ಮಾರ್ಪಡಿಸಬೇಕಾಗುತ್ತದೆ. ಪೈರೆಥ್ರಾಯ್ಡ್ ಔಷಧಿಗಳು ಇದಕ್ಕೆ ಸಿಗುವುದಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವನ್ನು ಅಳೆಯಲು ಇದು ಸಾಧನವಲ್ಲ. ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಜನರನ್ನು ನರಳಿಸಿ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್ ಕೂಡ ಬೇರೆ ಗುಂಪಿನದು. ಅದಿದ್ದ ಎಲೆಗೂ ಈ ಕಾಗದ ನೀಲಿಯನ್ನೇ ತೋರಿಸುತ್ತಿತ್ತು.

ಇಂಥ ಕಾಗದ ಕೈಗೆ ಬಂದಾಗ ಒಂದು ಪಟ್ಟಿಯನ್ನು ಬರಿಯ ಶುದ್ಧ ನೀರಿಗೆ ಅದ್ದಿ ನೋಡಿ. ಅದೂ ನೀಲಿಯಾಗದಿದ್ದರೆ ಕಿಣ್ವವೇ ಸತ್ತಿದೆ, ಎಲೆಯ ಮೇಲೆ ತಪ್ಪು ಹೊರಿಸಬೇಡಿ. ಇನ್ನು ಔಷಧಿ ಡಬ್ಬಿಯ ಚೀಟಿಯನ್ನು ಓದಿಸಿ ನೋಡಿ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳು ಬೆಳೆವಾರು ಅಲ್ಲಿ ಅಚ್ಚಾಗಿರುತ್ತವೆ. ವೀಳ್ಯದೆಲೆಯ ಹೆಸರೇ ಆ ಚೀಟಿಯಲ್ಲಿ ಇಲ್ಲದಿದ್ದರೆ, ಆ ಔಷಧಿಗೆ ಆ ಬೆಳೆಯಲ್ಲಿ ಒಪ್ಪಿಗೆಯಿಲ್ಲ.